ಚಿಲಕದ ಮೇಲೆ ಕೈ

ನಮ್ಮೂರಿನಲ್ಲಿ ಯಾರೂ ಕೈ ಬೀಸಿಕೊಂಡು ನಡೆಯುವುದಿಲ್ಲ. ಗಂಡಸರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ, ಹೆಂಗಸರು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ. ಸೊಳ್ಳೆ ಕಚ್ಚಿದರೆ ಊದಿ ಓಡಿಸುತ್ತೇವೆ, ಎರಡು ಕೈ ಸೇರಿಸಿ ಹೊಡೆಯುವುದಿಲ್ಲ. ಮಗುವಿಗೆ ನಾವು ಮೊದಲು ಕಲಿಸುವುದು ಮಾತನ್ನಲ್ಲ, ಕಂಕುಳಲ್ಲಿ ಕೈ ಇಟ್ಟುಕೊಂಡು ಕೂರುವುದನ್ನು. ಹೊರಗಿನಿಂದ ಬಂದವರಿಗೆ ಇದನ್ನೆಲ್ಲ ಕಂಡು ನಗು ಬರುತ್ತದೆ. ನಗಲಿ ಬಿಡಿ. ಅವರ ಊರಿನಲ್ಲಿ ಚಪ್ಪಾಳೆಗೆ ಬೆಲೆಯಿಲ್ಲ.

ನಮ್ಮಲ್ಲಿ ಚಪ್ಪಾಳೆ ಬಿದ್ದದ್ದು ಕಟ್ಟಳೆ. ಯಾವುದನ್ನಾದರೂ ಮೊದಲ ಸಲ ಮಾಡಿದಾಗ ಜನ ಮೆಚ್ಚಿ ಚಪ್ಪಾಳೆ ತಟ್ಟಿದರೆ, ಮುಂದೆ ಯಾವಾಗ ಮಾಡಿದರೂ ಅದನ್ನು ಹಾಗೆಯೇ ಮಾಡಬೇಕು. ಬರೆಯುವವ ಎಂದು ಒಬ್ಬನಿದ್ದಾನೆ. ಕೆಂಪು ಬಟ್ಟೆ ಹೊದಿಸಿದ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಚಪ್ಪಾಳೆ ಬೀಳುವವರೆಗೆ ಆದದ್ದನ್ನೆಲ್ಲ ಒಂದೂ ಬಿಡದೆ ಬರೆದುಕೊಳ್ಳುತ್ತಾನೆ. ಚಪ್ಪಾಳೆ ಬಿದ್ದ ಮೇಲಿನದು ಅವನಿಗೆ ಬೇಡ. ಚಪ್ಪಾಳೆಯೇ ಬೀಳದಿದ್ದರೆ ಅದು ಆಗಲೇ ಇಲ್ಲ, ಅಷ್ಟೆ.

ಹೊಳೆಯ ಸೇತುವೆ ತೆರೆದ ದಿನ ಊರ ಹಿರಿಯನ ರುಮಾಲು ಗಾಳಿಗೆ ಹಾರಿ ನೀರಿಗೆ ಬಿದ್ದಿತ್ತು. ಜನ ನಕ್ಕು ಚಪ್ಪಾಳೆ ತಟ್ಟಿದರು. ಈಗಲೂ ವರ್ಷಕ್ಕೊಂದು ರುಮಾಲು ಹೊಳೆಗೆ ಹೋಗುತ್ತದೆ. ನನ್ನ ಸೋದರಮಾವನ ಮನೆತನದಲ್ಲಿ ಮೊದಲ ಮದುವೆಯ ವರ ತಾಳಿ ಕಟ್ಟುವಾಗ ಸೀನಿದ್ದನಂತೆ. ಹಾಗಾಗಿ ಆ ಮನೆಯ ವರನಿಗೆ ಮುಹೂರ್ತದ ಹೊತ್ತಿಗೆ ನಶ್ಯ ಕೊಡುತ್ತಾರೆ. ಒಬ್ಬನಿಗೆ ಎಷ್ಟು ನಶ್ಯ ಏರಿಸಿದರೂ ಸೀನು ಬರಲಿಲ್ಲ, ಹುಡುಗಿ ಕೊರಳು ಬಗ್ಗಿಸಿಕೊಂಡು ಒಂದೂವರೆ ಗಂಟೆ ಕೂತಿದ್ದಳು. ಇದನ್ನೆಲ್ಲ ನಾನು ನಗುತ್ತಲೇ ಹೇಳಬಲ್ಲೆ. ಪಿಯಾನೊ ನುಡಿಸುವವಳ ಮಾತು ಬಂದಾಗ ಮಾತ್ರ ನನಗೆ ನಗು ನಿಂತುಹೋಗುತ್ತದೆ.

ನಾನು ಅವಳ ಸ್ವರದ ಹಾಳೆ ತಿರುವುವವ. ನನಗಿಂತ ಮೊದಲು ನನ್ನಪ್ಪ ತಿರುವುತ್ತಿದ್ದ. ಸಾಯುವ ಮುಂಚೆ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡು, "ಬೇರೆಯವರದು ಹೇಗಾದರೂ ಇರಲಿ ಮಗ, ನೀನು ಅವಳ ಪಕ್ಕದಲ್ಲೇ ಕೂರುವವನು. ಕೈ ಜೋಪಾನ" ಎಂದಿದ್ದ. ಅವನು ಹೇಳಿದ್ದು ಅಷ್ಟೇ ಮಾತು. ಅಷ್ಟನ್ನೂ ನಾನು ಉಳಿಸಿಕೊಳ್ಳಲಿಲ್ಲ.

ಪಿಯಾನೊ ಬಂದದ್ದು ಹೊಳೆಯ ಮೇಲೆ. ಎಲ್ಲಿಗೋ ಹೋಗಬೇಕಿದ್ದ ದೋಣಿ ನಮ್ಮ ಮರಳದಿಬ್ಬಕ್ಕೆ ಬಡಿದು ಒಡೆಯಿತು. ಪಿಯಾನೊದ ಜೊತೆಗಿದ್ದ ಪರದೇಶದ ವಾದಕ ದೋಣಿ ರಿಪೇರಿಯಾಗುವವರೆಗೆ ನಮ್ಮ ಸಭಾಮನೆಯಲ್ಲಿ ಉಳಿದ. ದಿನವೂ ಒಂದೇ ಕೃತಿಯನ್ನು ಸಾಧನೆ ಮಾಡುತ್ತಿದ್ದ. ಕೇಳುತ್ತಿದ್ದವರು ಇಬ್ಬರೇ, ಸಭಾಮನೆಯ ಕಸ ಗುಡಿಸುವವಳು ಮತ್ತು ಅವಳ ಒಂಬತ್ತು ವರ್ಷದ ಮಗಳು. ಮಗಳು ಅವನ ಪಕ್ಕದಲ್ಲಿ ಕೂತು ಕೈಯಿಂದ ಕಲಿತಳು. ತಾಯಿ ಪೊರಕೆ ಆಡಿಸುತ್ತ ಕಿವಿಯಿಂದ ಕಲಿತಳು, ಅಂಗಳ ತೊಳೆಯುವಾಗ, ಮಗಳ ತಲೆ ಬಾಚುವಾಗ ಅದನ್ನೇ ಗುನುಗುತ್ತಿದ್ದಳು. ದೋಣಿ ಸಿದ್ಧವಾದಾಗ ಅದು ಪಿಯಾನೊದ ಭಾರ ತಡೆಯಲಿಲ್ಲ. ವಾದಕ ಪಿಯಾನೊವನ್ನೂ ಸ್ವರ ಬರೆದ ಹಾಳೆಗಳನ್ನೂ ಹುಡುಗಿಗೆ ಬಿಟ್ಟು ಹೋದ.

ಆಮೇಲೆ ಒಂದು ದಿನ, ಇಳಿಹೊತ್ತಿನ ನಾಲ್ಕು ಗಂಟೆಗೆ, ಹುಡುಗಿ ಊರಿಗೆ ನುಡಿಸಿ ತೋರಿಸುವುದು ಎಂದಾಯಿತು. ಅವತ್ತು ನನಗೆ ಏಳು ವರ್ಷ. ಮುಂದಿನ ಸಾಲಿನಲ್ಲಿ ಕಂಕುಳಲ್ಲಿ ಕೈ ಇಟ್ಟುಕೊಂಡು ಕೂತಿದ್ದೆ.

ಹುಡುಗಿ ಅವ್ವನ ಕೈ ಹಿಡಿದು ಬಂದಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಅವ್ವ ಅವಳ ತಲೆ ಬಾಚಿ ಎರಡು ಜಡೆ ಹೆಣೆದು ಕೆಂಪು ಟೇಪು ಕಟ್ಟಿದಳು. ಕಟ್ಟುವಾಗ ಒಂದು ಮಾತೂ ಆಡಲಿಲ್ಲ, ತುಟಿ ಬಿಗಿದುಕೊಂಡಿದ್ದಳು. ಹುಡುಗಿಯದು ಬುಗ್ಗೆ ತೋಳಿನ ನೀಲಿ ಫ್ರಾಕು. ಬೆಂಚು ತಗ್ಗಾಯಿತೆಂದು ಮೂರು ದಿಂಬು ಹಾಕಿ ಕೂರಿಸಿದರು. ಅವಳ ಕೈ ಚಿಕ್ಕದು. ದೂರದೂರದ ಎರಡು ಸ್ವರ ಒಟ್ಟಿಗೆ ಒತ್ತಬೇಕಾದ ಕಡೆಯಲ್ಲೆಲ್ಲ ಕೆಳಗಿನದನ್ನು ಬಿಟ್ಟು ಮೇಲಿನದನ್ನು ಮಾತ್ರ ಒತ್ತಿದಳು. ಪಕ್ಕದಲ್ಲಿ ಕೂತಿದ್ದ, ಸ್ವರದ ಬರಹ ಓದಲು ಬಾರದ ನನ್ನಪ್ಪ ಗಾಬರಿಯಲ್ಲಿ ಒಂದು ಕಡೆ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟ. ಅವಳು ನೆನಪಿನಿಂದ ಮುಂದುವರಿಸಿದಳು.

ಕೊನೆಗೆ ಹತ್ತಿರ, ಸಂಗೀತ ಎಲ್ಲೆಲ್ಲೋ ಸುತ್ತಾಡಿ ಮನೆಗೆ ಮರಳುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ಎರಡನೇ ಸಾಲಿನಿಂದ ಅವ್ವ ಎದ್ದಳು. ಕಂದು ಸೀರೆ, ಬಾಯಿಗೆ ಸೆರಗು. ಸಾಲುಗಳ ನಡುವಿನ ದಾರಿಯಲ್ಲಿ ನಡೆದು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಬಾಗಿಲವ ಬಾಗಿಲು ಮುಚ್ಚಿ ಚಿಲಕ ಹಾಕಿದ. ಹುಡುಗಿ ಕತ್ತೆತ್ತಿ ನೋಡಿದಳು. ಬೆರಳು ಜಾರಿ, ಒತ್ತಬೇಕಾದ ಸ್ವರ ಬಿಟ್ಟು, ಒಂದು ಕರಿ ಕೀಲಿಯ ಮೇಲೆ ಬಿತ್ತು.

ತಾಯಿ ಎದ್ದು ಹೋಗುವುದನ್ನು ಮಗು ಕಂಡದ್ದು ಆ ಒಂದು ಸ್ವರದಲ್ಲಿತ್ತು. ಊರಿಗೆ ಊರೇ ಅತ್ತುಬಿಟ್ಟಿತು, ನಾನೂ ಅತ್ತೆ. ಹುಡುಗಿ ಸಾವರಿಸಿಕೊಂಡು ಮುಗಿಸಿದಳು. ಮುನ್ನೂರು ಜನ ಕಂಕುಳಿನಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆಯನ್ನು ಸಭಾಮನೆ ಕಂಡಿರಲಿಲ್ಲ. ಹುಡುಗಿ ಬಗ್ಗಿ ನಮಸ್ಕಾರ ಮಾಡಿದಳು.

"ಅವ್ವ ಎಲ್ಲಿ?" ಎಂದು ಕೇಳಿದಳು.

"ಅವ್ವ ಹೋದಳಲ್ಲ ಮಗಳೇ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆಯುವವ ಪುಸ್ತಕದಲ್ಲಿ ಅದನ್ನೇ ಬರೆದಿದ್ದ: ತಾಯಿ ಹೋದಳು, ಬಾಗಿಲು ಮುಚ್ಚಿತು, ಹುಡುಗಿ ಒಳಗಿದ್ದಳು.

ಹೀಗೆ ವೇದಿಕೆಯ ಪಕ್ಕದ ಎರಡು ಕೋಣೆ ಅವಳ ಮನೆಯಾಯಿತು. ಅಲ್ಲಿಂದ ವೇದಿಕೆಗೆ ಒಂದು ಬಾಗಿಲು, ಹೊಳೆಯ ಕಡೆಗೆ ಒಂದು ಕಿಟಕಿ. ಬೇರೆ ದಾರಿಯಿಲ್ಲ. ನಾವು ಕೆಟ್ಟವರಲ್ಲ. ಬೆಳಗ್ಗೆ ಬಿಸಿ ರಾಗಿ ಗಂಜಿ, ಮಧ್ಯಾಹ್ನ ಸಾರು ಅನ್ನ, ಬೆರಳಿಗೆ ಹಚ್ಚಿಕೊಳ್ಳಲು ಎಳ್ಳೆಣ್ಣೆ, ಕೈ ಅದ್ದಿಕೊಳ್ಳಲು ಬಿಸಿನೀರು. ಹಬ್ಬ ಬಂದರೆ ಅವಳ ಎಲೆಗೆ ಬಡಿಸದೆ ಊರಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ದಿನವೂ ನಾಲ್ಕು ಗಂಟೆಗೆ ಅವಳು ನುಡಿಸಿದಳು, ದಿನವೂ ಊರು ಬಂದು ಕೇಳಿತು. ಮೊದಲ ಸಲ ಹೇಗೋ ಹಾಗೆ. ನೀಲಿ ಫ್ರಾಕು, ಎರಡು ಜಡೆ, ಮೂರು ದಿಂಬು. ಅವ್ವನಷ್ಟೇ ಎತ್ತರದ ಒಬ್ಬ ಹೆಂಗಸನ್ನು ಹುಡುಕಿ, ಕಂದು ಸೀರೆ ಕೊಟ್ಟು, ಎದ್ದು ಹೋಗುವವಳು ಎಂದು ನೇಮಿಸಿದರು. ಅವಳು ಬಂದು ತುಟಿ ಬಿಗಿದುಕೊಂಡು ತಲೆ ಬಾಚುತ್ತಾಳೆ. ಎರಡನೇ ಸಾಲಿನಲ್ಲಿ ಕೂರುತ್ತಾಳೆ. ಸಂಗೀತ ಮನೆಗೆ ಮರಳುವ ಜಾಗದಲ್ಲಿ ಬಾಯಿಗೆ ಸೆರಗು ಹಿಡಿದು ಎದ್ದು ಹೋಗುತ್ತಾಳೆ. ಬಾಗಿಲವ ಚಿಲಕ ಹಾಕುತ್ತಾನೆ. ನುಡಿಸುವವಳು ಕತ್ತೆತ್ತಿ ನೋಡಿ ಕರಿ ಕೀಲಿಯನ್ನು ಒತ್ತುತ್ತಾಳೆ. ಊರು ಅಳುತ್ತದೆ. ಊರು ಚಪ್ಪಾಳೆ ತಟ್ಟುತ್ತದೆ.

ಅವಳು ಬೆಳೆದಳು. ಕೈ ಬೆಳೆಯಿತು. ಅಂದು ನಿಲುಕದ ಸ್ವರವನ್ನೂ ದಾಟಿ ಇನ್ನೆರಡು ಕೀಲಿ ಆಚೆಗೆ ಬೆರಳು ಚಾಚಬಲ್ಲ ಕೈ. ಆದರೂ ಕೆಳಗಿನ ಸ್ವರಗಳನ್ನು ಬಿಡಲೇಬೇಕು. ಬಿಡುವಾಗ ಅವಳ ಕಿರುಬೆರಳು ತಾನಾಗಿ ಅತ್ತ ಚಾಚಿ, ಗಾಳಿಯಲ್ಲಿ ನಿಂತು, ಮತ್ತೆ ಮಡಿಸಿಕೊಳ್ಳುವುದನ್ನು ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಫ್ರಾಕನ್ನು ಅದೇ ಬಟ್ಟೆಯಲ್ಲಿ ಅದೇ ಮಾದರಿಯಲ್ಲಿ ದೊಡ್ಡದು ಮಾಡಿ ಹೊಲಿದರು. ಮೂರು ದಿಂಬಿನ ಮೇಲೆ ಕೂತರೆ ಮಂಡಿ ಪಿಯಾನೊಗೆ ಒತ್ತುತ್ತಿತ್ತು, ನೀಲಿಗಟ್ಟಿ ಹೋಗುತ್ತಿತ್ತು.

ಇಪ್ಪತ್ತನೇ ವಯಸ್ಸಿನಲ್ಲಿ ಒಮ್ಮೆ ಅವಳು ಹಟ ಹಿಡಿದಳು. ಕರಿ ಕೀಲಿಯ ಜಾಗದಲ್ಲಿ ಬೇರೆ ಏನೋ ಒತ್ತಿ ಮುಗಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಸುಮ್ಮನೆ ಕೂತರು. ಹಿರಿಯನೊಬ್ಬ ಕೈಮುಗಿಯುವಂತೆ ತಲೆ ಬಾಗಿಸಿ, "ಇನ್ನೊಮ್ಮೆ, ತಾಯಿ" ಎಂದ. ಅವಳು ಮತ್ತೆ ಬೇರೆಯದನ್ನೇ ಒತ್ತಿದಳು. "ಇನ್ನೊಮ್ಮೆ, ತಾಯಿ." ಏಳು ಸಲ ಹೀಗಾಯಿತು. ಚಪ್ಪಾಳೆ ಬೀಳದೆ ಯಾರೂ ಏಳುವಂತಿಲ್ಲ. ನಾಲ್ಕನೇ ಸಾಲಿನಲ್ಲಿ ಹಸಿಬಾಣಂತಿಯೊಬ್ಬಳು ಕೂತಿದ್ದಳು, ಮನೆಯಲ್ಲಿ ಕೂಸು ಬಿಟ್ಟು ಬಂದಿದ್ದಳು. ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗಿದ್ದು ವೇದಿಕೆಗೆ ಕಾಣುತ್ತಿತ್ತು. ಎಂಟನೇ ಸಲ ನುಡಿಸುವವಳು ಕರಿ ಕೀಲಿ ಒತ್ತಿದಳು.

ಅವಳ ಹೆಸರು ಹೊಳೆಯ ಮೇಲಿನ, ಕೆಳಗಿನ ಊರುಗಳಿಗೆಲ್ಲ ಹೋಯಿತು. ದೋಣಿ ದೋಣಿ ಜನ ಬಂದರು. ಸಾವಿರ ಕುರ್ಚಿಯ ಸಭಾಂಗಣವಿದ್ದ ನಗರದ ದೊರೆಯೇ ಬಂದು ಕೇಳಿ, ಕಣ್ಣೊರೆಸಿಕೊಂಡು, ನಮ್ಮಲ್ಲಿಗೆ ಕಳಿಸಿಕೊಡಿ ಎಂದ. ಊರು ವಿನಯದಿಂದ, "ಮೊದಲ ಸಲ ಅವರು ಎಲ್ಲಿಗೂ ಹೋಗಿರಲಿಲ್ಲ" ಎಂದಿತು. ಅವನು ಚಿನ್ನದ ಪದಕ ಕಳಿಸಿದ. ಅದನ್ನು ಅವಳು ತನ್ನ ಕೋಣೆಯಲ್ಲಿ ಹಾಳೆ ಹಾರದಂತೆ ಭಾರ ಇಡಲು ಬಳಸಿದಳು.

ಯಾವ ಹಾಳೆ ಎಂದರೆ, ಅವಳ ನಿಜವಾದ ಸಂಗೀತ ಇದ್ದದ್ದು ಅಲ್ಲಿ. ದೋಣಿಯವರು ದೂರದಿಂದ ಸ್ವರದ ಪುಸ್ತಕಗಳನ್ನು ತಂದುಕೊಡುತ್ತಿದ್ದರು. ಪಿಯಾನೊವನ್ನು ನಾಲ್ಕು ಗಂಟೆಗಲ್ಲದೆ ಮುಟ್ಟುವಂತಿರಲಿಲ್ಲ, ಹಾಗಾಗಿ ಬೆಳಗ್ಗೆ ಊಟದ ಮೇಜಿನ ಮೇಲೆ ಅವುಗಳನ್ನು ತೆರೆದಿಟ್ಟು ಅವಳು ಮೇಜನ್ನೇ ನುಡಿಸುತ್ತಿದ್ದಳು. ನಾನು ಹಾಳೆ ತಿರುವುತ್ತಿದ್ದೆ. ಇದನ್ನು ಪುಸ್ತಕದಲ್ಲಿ ಯಾರೂ ಬರೆದಿಲ್ಲ, ಯಾರೂ ಕೇಳಿಯೂ ಇಲ್ಲ. ಉಗುರು ಮರಕ್ಕೆ ತಾಗುವ ಟಕಟಕ ಸದ್ದು ಬಿಟ್ಟರೆ ನನಗೂ ಏನೂ ಕೇಳುತ್ತಿರಲಿಲ್ಲ. ಆದರೆ ಅವಳ ಹತ್ತು ಬೆರಳೂ ಪೂರ್ತಿ ಚಾಚಿಕೊಳ್ಳುತ್ತಿದ್ದವು. ಮೂವತ್ತೊಂದು ದೊಡ್ಡ ಕೃತಿ ಹಾಗೆ ಸಾಧಿಸಿದಳು. ಒಂದು ಮುಗಿದಾಗ ಬೆವರೊರೆಸಿಕೊಂಡು, "ಹೇಗಿತ್ತೋ?" ಎಂದು ಕೇಳುತ್ತಿದ್ದಳು.

"ಚೆನ್ನಾಗಿತ್ತಕ್ಕ."

"ಸುಳ್ಳುಗಾರ. ಮೂರನೇ ಹಾಳೇಲಿ ಎರಡು ಕಡೆ ತಪ್ಪಿದೆ" ಎಂದು ನಗುತ್ತಿದ್ದಳು.

ಒಂದು ದಿನ ನಗದೆ ಹೇಳಿದಳು. "ಆ ಜಾಗದಲ್ಲಿ ಸರಿಯಾದ ಸ್ವರ ಯಾವುದು ಅಂತ ನಂಗೆ ಮರೆತುಹೋಗಿದೆ ಕಣೋ."

ಹಾಳೆಯಲ್ಲಿ ನೋಡುವಂತಿರಲಿಲ್ಲ. ಮೊದಲ ದಿನವೇ ಬರೆಯುವವ ಹಾಳೆಯನ್ನು ಪುಸ್ತಕಕ್ಕೆ ಹೊಂದಿಸಿ, ಅಲ್ಲಿದ್ದ ಸ್ವರವನ್ನು ಬ್ಲೇಡಿನಿಂದ ಕೆರೆದು ತಪ್ಪಿದ್ದನ್ನೇ ಶಾಯಿಯಲ್ಲಿ ಬರೆದಿದ್ದ. "ನಾಲ್ಕೈದು ಸ್ವರ ಅಲ್ಲಿ ಕೂರುತ್ತವೆ. ಇಪ್ಪತ್ತರಲ್ಲಿ ನಾನು ಒತ್ತಿದ್ದೂ ಅದಲ್ಲ, ಒತ್ತುವಾಗಲೇ ಗೊತ್ತಾಯ್ತು. ಮೇಜಿನ ಮೇಲೆ ಹುಡುಕೋಣ ಅಂದ್ರೆ ಮೇಜಿಗೆ ಸ್ವರ ಇಲ್ಲ. ಅವ್ವ ಗುನುಗುತ್ತಿದ್ದಳು. ಅವಳ ಗಂಟಲು ನೆನಪಿದೆ, ಸ್ವರ ನೆನಪಿಲ್ಲ. ಅದೊಂದು ಸಿಕ್ಕಿದ್ರೆ ಸಾಕಿತ್ತು." ಅವಳ ಕಣ್ಣು ಹೊಳೆಯ ಕಡೆಗಿತ್ತು. "ಅವಳಿಗೆ ಯಾಕೆ ಸಿಟ್ಟು ಬಂತು ಅಂತಲೂ ಗೊತ್ತಾಗಲಿಲ್ಲ. ಅವತ್ತು ಮಾತೇ ಆಡಲಿಲ್ಲ. ಎದ್ದು ಹೋಗೋವಷ್ಟು ಕೆಟ್ಟದಾಗಿ ನುಡಿಸಿದ್ನಾ ನಾನು?"

ನಾನು ಇನ್ನೊಂದು ಹಾಳೆ ತಿರುವಿದೆ.

ಅವಳಿಗೆ ನಲವತ್ತೇಳು ತುಂಬಿದ ವರ್ಷ, ಒಂದು ಮಧ್ಯಾಹ್ನ, ಎದ್ದು ಹೋಗುವವಳು ಎಂದಿಗಿಂತ ತಡವಾಗಿ ಬಂದಳು. ಮೊದಲ ಸಲದ ಮರುದಿನದಿಂದ ಅವತ್ತಿನವರೆಗೆ ಅವಳೇ, ಬೇರೊಬ್ಬಳು ಬಂದಿರಲಿಲ್ಲ. ಈಗ ಮುದುಕಿ. ಗೋಡೆ ಹಿಡಿದುಕೊಂಡು ಬಂದು, ನುಡಿಸುವವಳ ಹಿಂದೆ ನಿಂತು, ನರೆತ ಕೂದಲನ್ನು ಎರಡು ಪಾಲು ಮಾಡಿ ಬಾಚತೊಡಗಿದಳು. ನಾನು ಹಾಳೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾನು ಹಾಳೆ ತಿರುವತೊಡಗಿದಾಗಿನಿಂದ, ತಲೆ ಬಾಚುವ ಹೊತ್ತಿನಲ್ಲಿ ಯಾರೂ ಮಾತಾಡಿದ್ದನ್ನು ಕೇಳಿರಲಿಲ್ಲ.

"ಕೂಸೇ" ಎಂದಳು ಮುದುಕಿ.

ನುಡಿಸುವವಳ ಬೆನ್ನು ಸೆಟೆಯಿತು.

"ಮಾತಾಡಬಾರ್ದು ಅಂತ ಗೊತ್ತು. ನಿಮ್ಮವ್ವ ಆಡಿರ್ಲಿಲ್ಲ, ಅದಕ್ಕೆ ನಾನೂ ಆಡ್ಲಿಲ್ಲ. ಇವತ್ತು ಆಡ್ಬುಡ್ತೀನಿ. ನಾಳೆಯಿಂದ ನನ್ ಕೈಲಿ ಆಗಾಕಿಲ್ಲ, ಮಂಡಿ ಎರಡೂ ಹೋಗವೆ. ಬೇರೆ ಯಾರನ್ನಾರ ನೋಡ್ಕೋತಾರೆ. ಹೇಳದೆ ಹೋದ್ರೆ ನಂಗೆ ಮಣ್ಣಲ್ಲೂ ನೆಮ್ಮದಿ ಇರಾಕಿಲ್ಲ." ಅವಳು ಬಾಚಣಿಗೆ ಕೆಳಗಿಟ್ಟಳು. "ನಿಮ್ಮವ್ವ ನಿನ್ ಬುಟ್ಟು ಹೋಗ್ಲಿಲ್ಲ ಕಣವ್ವ. ಅವತ್ತು ಅವಳಿಗೆ ಕೆಮ್ಮು ಬಂದಿತ್ತು."

"ಏನು?"

"ಕೆಮ್ಮು. ಬೆಳಗಿಂದ್ಲೂ ತಡ್ಕೊಂಡಿದ್ಲು. ಬಾಯಿ ಬುಟ್ರೆ ಎಲ್ಲಿ ಕೆಮ್ಮು ಬರ್ತದೋ ಅಂತ ತಲೆ ಬಾಚೋವಾಗ್ಲೂ ಮಾತಾಡ್ಲಿಲ್ಲ. ಮಗಳ ಸಂಗೀತದ ಮಧ್ಯ ಕೆಮ್ಮಿದ್ರೆ ಎಲ್ಲ ಕೆಟ್ಟೋಗ್ತದೆ ಅಂತ ಸೆರಗು ಬಾಯಿಗ್ ಇಟ್ಕೊಂಡು ಹೊರಗೆ ಓಡಿದ್ಲು. ಕೆಮ್ಮಿ ಮುಗಿಸ್ಕೊಂಡು ತಿರುಗ ಬಂದ್ರೆ ಚಿಲಕ ಬಿದ್ದಿತ್ತು. ಆಮೇಲೆ ಚಪ್ಪಾಳೆ ಬಿತ್ತು. ಇನ್ನೆಲ್ಲಿ ಒಳಕ್ಕೆ ಬುಡ್ತಾರೆ? ನೀನು ಹೋದವಳು, ಹೋದವಳಾಗೇ ಇರ್ಬೇಕು ಅಂದ್ರು."

ನುಡಿಸುವವಳು ತಿರುಗಿ ಮುದುಕಿಯ ಕೈ ಹಿಡಿದುಕೊಂಡಳು. "ಎಲ್ಲಿ ಹೋದಳು ದೊಡ್ಡವ್ವಾ?"

"ಎಲ್ಲಿಗ್ ಹೋದಾಳು? ಆಚೆ ದಡದಲ್ಲಿ ಗುಡಿಸ್ಲು ಹಾಕ್ಕೊಂಡ್ಲು. ದಿನಾ ನಾಕ್ ಗಂಟೆಗೆ ಬಾಗಿಲ ಹೊರಗೆ ಬಂದು ನಿಲ್ಲೋಳು. ನಾನು ಅವಳ ಸೀರೆ ಉಟ್ಕೊಂಡು ಒಳಗಿಂದ ಬರೋವೆ, ಅವಳು ಹೊರಗೆ ನಿಂತಿರೋಳು. ಹನ್ನೊಂದ್ ವರ್ಷ. ನೀನು ಆ ತಪ್ಪು ಸ್ವರ ಒತ್ತಿದಾಗ್ಲೆಲ್ಲ ಬಾಗಿಲಿಗೆ ಹಣೆ ಇಟ್ಟು ಸರಿ ಸ್ವರವ ಮೆಲ್ಲಕೆ ಹಾಡೋಳು. ನಿಂಗೆ ಹೇಳ್ಕೊಟ್ಟಂಗೆ. ನಿನ್ ಪಿಯಾನೊ ಸದ್ದಲ್ಲಿ ಅದು ಒಳಕ್ಕೆ ಹೆಂಗ್ ಕೇಳ್ತದೆ? ಒಂದಿನ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ. ಅವಳು ಹೋದ್ ಮ್ಯಾಲೆ ಆ ಹಾಡೋ ಕೆಲ್ಸ ನಾನೇ ಮಾಡ್ತಾ ಬಂದೆ. ಯಾಕೋ ಬುಡಕ್ಕೆ ಮನ್ಸಾಗ್ಲಿಲ್ಲ."

ನುಡಿಸುವವಳು ಮುದುಕಿಯ ಕೈ ಬಿಡಲಿಲ್ಲ. ಆಮೇಲೆ ಕೇಳಿದಳು. "ಅದನ್ನ ಈಗ ಹಾಡಿ ದೊಡ್ಡವ್ವಾ. ಒಂದೇ ಸಲ."

ಮುದುಕಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಗಂಟಲಿನಿಂದ ಬರಿ ಗಾಳಿ ಬಂತು. "ಬರಾಕಿಲ್ಲ ಕಣವ್ವ" ಎಂದಳು ಅಳುತ್ತ. "ಆ ಬಾಗಿಲಿಗೆ ಹಣೆ ಇಡ್ಬೇಕು, ಒಳಗೆ ನಿನ್ ಕೈ ಆ ಜಾಗಕ್ಕೆ ಬರ್ಬೇಕು, ಆಗ ತಾನಾಗೇ ಬರ್ತದೆ. ಬರೀ ಹಾಡು ಅಂದ್ರೆ ಸುಡುಗಾಡು ಒಂದೂ ನೆಪ್ಪಾಗಕಿಲ್ಲ."

ನಾಲ್ಕು ಹೊಡೆಯಿತು. ಮುದುಕಿ ಕಣ್ಣೊರೆಸಿಕೊಂಡು ಎರಡನೇ ಜಡೆಗೆ ಟೇಪು ಕಟ್ಟಿದಳು.

ಅವತ್ತು ಸಭಾಮನೆ ಎಂದಿನಂತೆ ತುಂಬಿತ್ತು. ಮುನ್ನೂರು ಜನ, ಕಂಕುಳಲ್ಲಿ ಕೈ. ಅವಳು ದಿಂಬಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ. ನುಡಿಸತೊಡಗಿದಳು, ಕೆಳಗಿನ ಸ್ವರಗಳನ್ನು ಬಿಟ್ಟಳು, ನಾನು ಎರಡು ಹಾಳೆ ಒಟ್ಟಿಗೆ ತಿರುವಿದೆ. ಸಂಗೀತ ಸುತ್ತಾಡಿ ಮನೆಯ ಹತ್ತಿರ ಬಂತು. ಮುದುಕಿ ಎದ್ದಳು. ಕುರ್ಚಿಗಳ ಬೆನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಾಕಿ ಹೊರಗೆ ಹೋದಳು. ಬಾಗಿಲವ ಚಿಲಕ ಹಾಕಿದ.

ನುಡಿಸುವವಳು ಕತ್ತೆತ್ತಿ ನೋಡಿದಳು. ಕೈ ಎತ್ತಿದಳು. ಕರಿ ಕೀಲಿಯನ್ನು ಒತ್ತಲಿಲ್ಲ, ಬಿಳಿಯದನ್ನೂ ಒತ್ತಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

ಆ ಸಭಾಮನೆಯಲ್ಲಿ ಅಷ್ಟು ಮೌನ ಎಂದೂ ಆಗಿರಲಿಲ್ಲ. ಆ ಮೌನದಲ್ಲಿ, ಬಾಗಿಲ ಆಚೆಯಿಂದ, ಒಂದು ಸ್ವರ ಕೇಳಿತು. ಮುದಿ ಗಂಟಲು, ಸಣ್ಣ ಗುನುಗು. ಮೂವತ್ತೆಂಟು ವರ್ಷದಿಂದ ಆ ಬಾಗಿಲ ಹೊರಗೆ ನಿಂತಿದ್ದ ಸ್ವರ. ಕೇಳಿದೊಡನೆ ನನಗೆ, ಸ್ವರದ ಗಂಧವೂ ಇಲ್ಲದ ನನಗೆ, ಇದೇ ಸರಿ ಎಂದು ಗೊತ್ತಾಯಿತು. ಅಕ್ಕನ ಮುಖ ಒಂಬತ್ತು ವರ್ಷದ ಹುಡುಗಿಯ ಮುಖವಾಯಿತು.

ಅವಳು ಎದ್ದಳು. ಮೂರು ದಿಂಬು ಒಂದರ ಹಿಂದೆ ಒಂದು ಕೆಳಗೆ ಬಿದ್ದವು. ಮೆಟ್ಟಿಲಿಳಿದು, ಎದ್ದು ಹೋಗುವವಳು ಹೋದ ದಾರಿಯಲ್ಲೇ, ಸಾಲುಗಳ ನಡುವೆ ನಡೆದಳು. ಯಾರೂ ತಡೆಯಲಿಲ್ಲ. ತಡೆಯಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬಾಗಿಲಿನ ಹತ್ತಿರ ಬಂದಳು.

"ತೆಗಿಯಪ್ಪಾ" ಎಂದಳು ಬಾಗಿಲವನಿಗೆ.

"ಮೊದಲ ಸಲ ತೆಗೆದಿರಲಿಲ್ಲ ತಾಯೀ" ಎಂದ ಅವನು. ಅವನೂ ಮುದುಕ, ಅವತ್ತು ಚಿಲಕ ಹಾಕಿದವನೂ ಅವನೇ. "ನಾನು ತೆಗೆಯೋ ಹಾಗಿಲ್ಲ" ಎಂದು ಹೇಳಿ, ಮೆಲ್ಲಗೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತ.

ಅಷ್ಟೇ ಸಾಕಿತ್ತು. ಚಪ್ಪಾಳೆ ಬೀಳದೆ ಆದದ್ದು ನಮ್ಮೂರಿನಲ್ಲಿ ಆದಂತೆಯೇ ಅಲ್ಲ. ಚಿಲಕ ತೆಗೆದು ಹೊರಗೆ ಹೋಗಿಬಿಟ್ಟಿದ್ದರೆ ಯಾವ ಪುಸ್ತಕವೂ ಅವಳನ್ನು ಹಿಡಿಯುತ್ತಿರಲಿಲ್ಲ. ಮುನ್ನೂರು ಜನ ಉಸಿರು ಬಿಗಿಹಿಡಿದು, ಕೈ ಬಿಗಿಹಿಡಿದು ಕೂತಿದ್ದರು. ನನಗೆ ಗೊತ್ತು, ಅವರೂ ಅವಳು ಹೋಗಲಿ ಎಂದೇ ಕೂತಿದ್ದರು. ಅವಳು ಹಣೆಯನ್ನು ಬಾಗಿಲಿಗೆ ಇಟ್ಟಳು. ಕೈ ಎತ್ತಿ ಚಿಲಕದ ಮೇಲೆ ಇಟ್ಟಳು. ಕಿಟಕಿಯ ಬೆಳಕು ಆ ಕೈ ಮೇಲೆ ಬಿದ್ದಿತ್ತು. ಬೆರಳು ಐದೂ ಪೂರ್ತಿ ಚಾಚಿದ್ದವು. ಆಚೆಯಿಂದ ಆ ಸ್ವರ ಇನ್ನೂ ಕೇಳುತ್ತಿತ್ತು.

ಅಷ್ಟು ಚಂದದ್ದನ್ನು ನನ್ನ ಜನ್ಮದಲ್ಲಿ ನಾನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಕೈಗಳು ಕಂಕುಳಿನಿಂದ ಯಾವಾಗ ಹೊರಗೆ ಬಂದವೋ ನನಗೆ ಗೊತ್ತಿಲ್ಲ. ಸದ್ದು ಕೇಳಿದ ಮೇಲೆಯೇ ಗೊತ್ತಾದದ್ದು, ತಟ್ಟುತ್ತಿರುವವನು ನಾನು ಎಂದು.

ಒಂದು ಕ್ಷಣ ನಾನೊಬ್ಬನೇ. ಆಮೇಲೆ ಮುನ್ನೂರು ಜನ. ಅಳುತ್ತ, ಎದ್ದು ನಿಂತು, ಸಭಾಮನೆಯ ಮಾಡು ಹಾರಿಹೋಗುವಂತೆ. ಬರೆಯುವವ ಮೂಗೊರೆಸಿಕೊಂಡು ಲೇಖನಿಯನ್ನು ಶಾಯಿಗೆ ಅದ್ದಿದ.

ಬಾಗಿಲಲ್ಲಿ ಅವಳ ಹೆಗಲು ಕುಸಿಯಿತು. ಚಪ್ಪಾಳೆ ಬಿದ್ದರೆ ತಿರುಗಿ ಬಗ್ಗಬೇಕು ಎನ್ನುವುದನ್ನು ಆ ಮೈ ಒಂಬತ್ತನೇ ವಯಸ್ಸಿನಲ್ಲೇ ಕಲಿತಾಗಿತ್ತು. ಕೈಯನ್ನು ಚಿಲಕದಿಂದ ತೆಗೆದಳು. ತಿರುಗಿದಳು. ಬಗ್ಗಿ ನಮಸ್ಕಾರ ಮಾಡಿದಳು.

ಮರುದಿನ ಬೆಳಗ್ಗೆ ನಾನು ಅವಳ ಕೋಣೆಗೆ ಹೋಗಲು ಹೆದರಿದೆ. ಹೋದೆ. ಮೇಜಿನ ಮೇಲೆ ಸ್ವರದ ಪುಸ್ತಕ ತೆರೆದಿತ್ತು, ಪದಕ ಮೂಲೆಯಲ್ಲಿತ್ತು. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದಳು.

"ಅಷ್ಟು ಚೆನ್ನಾಗಿತ್ತೇನೋ?" ಎಂದು ಕೇಳಿದಳು.

"ಹೌದಕ್ಕ" ಎಂದೆ.

ಅವಳು ತಲೆಯಾಡಿಸಿದಳು. ನಾನು ಹಾಳೆ ತಿರುವಿದೆ.

ಈಗ ದಿನವೂ ಹೀಗೆ. ಮೊದಲ ಸಲದ್ದು ಹೋಗಿ ಹೊಸ ಮೊದಲ ಸಲ ಬಂದಿದೆ. ಮುದುಕಿಗೂ ಬಿಡುಗಡೆ ಸಿಗಲಿಲ್ಲ. ಅವಳು ಮಾತಾಡಿದ್ದನ್ನು ಬರೆಯುವವ ಕಂಡಿರಲಿಲ್ಲ, ಹೊರಗಿನಿಂದ ಬಂದ ಸ್ವರವನ್ನು ಮಾತ್ರ ಕೇಳಿ ಬರೆದುಕೊಂಡಿದ್ದ. "ನನ್ ಮಂಡಿಯ ಜೀವ ತೆಗ್ದೆ ನೀನು. ಸುಮ್ನೆ ಕೂರಕ್ಕಾಗ್ಲಿಲ್ವಾ ಆ ಕೈಗೆ?" ಎಂದು ನನ್ನನ್ನು ಬೈಯುತ್ತಾಳೆ. ಇಬ್ಬರು ಅವಳನ್ನು ಎತ್ತಿ ತಂದು ಕೂರಿಸುತ್ತಾರೆ, ಎದ್ದು ಹೋಗುವುದನ್ನು ಮಾತ್ರ ಅವಳೇ ಹೋಗಬೇಕು. ನುಡಿಸುವವಳು ಆ ಜಾಗದವರೆಗೆ ನುಡಿಸಿ ಕೈ ಎತ್ತುತ್ತಾಳೆ. ಹೊರಗಿನಿಂದ ಸ್ವರ ಬರುತ್ತದೆ. ದಿಂಬುಗಳು ಅವತ್ತು ಬಿದ್ದ ಕ್ರಮದಲ್ಲೇ ಬೀಳುತ್ತವೆ. ಅವಳು ಇಳಿದು ನಡೆಯುತ್ತಾಳೆ, ತೆಗಿಯಪ್ಪಾ ಎನ್ನುತ್ತಾಳೆ, ಬಾಗಿಲವ ಗೋಡೆಯ ಕಡೆ ತಿರುಗುತ್ತಾನೆ. ಅವಳು ಬಾಗಿಲಿಗೆ ಹಣೆ ಇಟ್ಟು ಚಿಲಕದ ಮೇಲೆ ಕೈ ಇಡುತ್ತಾಳೆ. ಚಿಲಕ ತೆಗೆಯುವುದಿಲ್ಲ. ಮೊದಲ ಸಲ ತೆಗೆದಿರಲಿಲ್ಲ. ಅಲ್ಲಿಂದ ಮುಂದಿನ ಸಂಗೀತವನ್ನು ಊರು ಮತ್ತೆ ಕೇಳಿಲ್ಲ, ಈಗಿನ ಮಕ್ಕಳಿಗೆ ಅದಕ್ಕೊಂದು ಕೊನೆಯಿತ್ತು ಎನ್ನುವುದೇ ಗೊತ್ತಿಲ್ಲ.

ಮೊನ್ನೆ ಮುದುಕಿ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಒಂದು ಮಾತು ಹೇಳಿದಳು. "ಅವಳು ಬಾಗಿಲಿಗೆ ಹಣೆ ಇಟ್ಟಾಗ ಒಳಗಿಂದ ಹಾಡ್ತಾಳೆ ಕಣೋ. ಅದೇ ಸ್ವರವ. ಹಲಗೆ ಆಚೆಗೆ ನಂಗೆ ಕೇಳ್ತದೆ. ಥೇಟು ಅವಳವ್ವನ ಗಂಟಲು."

ಅದು ಪುಸ್ತಕದಲ್ಲಿಲ್ಲ. ಬರೆಯುವವನಿಗೆ ಕಂಡದ್ದು ಅವಳ ಬೆನ್ನು. ಊರಿಗೂ ಬೆನ್ನೇ ಕಾಣುವುದು. ತುಟಿ ಹಲಗೆಗೆ ಅಷ್ಟು ಹತ್ತಿರವಿರುತ್ತದೆ, ಯಾರಿಗೂ ಕೇಳುವುದಿಲ್ಲ.

ಪುಸ್ತಕದಲ್ಲಿ ಇನ್ನೊಂದು ವಿಷಯವೂ ಇಲ್ಲ. ಹಾಳೆ ತಿರುವುವವ ಮೊದಲು ತಟ್ಟಿದ ಎಂದಿದೆ, ಆದ್ದರಿಂದ ದಿನವೂ ಮೊದಲು ತಟ್ಟಬೇಕಾದವನು ನಾನೇ, ನಾನು ತಟ್ಟದೆ ಯಾರೂ ತಟ್ಟುವಂತಿಲ್ಲ. ಎಷ್ಟು ಹೊತ್ತಿನ ಮೇಲೆ ತಟ್ಟಿದ ಎಂದು ಮಾತ್ರ ಬರೆದಿಲ್ಲ. ಬರೆಯುವವನ ಕಣ್ಣೂ ಅವತ್ತು ಮಂಜಾಗಿತ್ತು, ಗೋಡೆಯ ಗಡಿಯಾರ ನೋಡಲಿಲ್ಲ.

ಅವಳು ಚಿಲಕದ ಮೇಲೆ ಕೈ ಇಟ್ಟ ಮೇಲೆ ನಾನು ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೂರುತ್ತೇನೆ. ಮುನ್ನೂರು ಜನ ನನ್ನನ್ನೇ ನೋಡುತ್ತಾರೆ. ಯಾರದೋ ಕುರ್ಚಿ ಕಿರುಗುಟ್ಟುತ್ತದೆ, ಯಾರೋ ಕೆಮ್ಮು ತಡೆದುಕೊಳ್ಳುತ್ತಾರೆ. ಮೊದಲ ದಿನ ಹತ್ತು ಉಸಿರಿನಷ್ಟು ಹೊತ್ತು ಕೈ ತಡೆದೆ. ಹೋದ ವಾರ ನಲವತ್ತು. ನಿನ್ನೆ ಅರವತ್ತು ಉಸಿರಿನವರೆಗೆ ಕೂತಿದ್ದೆ, ಹಾಡಿನ ಉಸಿರಿಗೆ ಅವಳ ಬೆನ್ನು ಮೆಲ್ಲಗೆ ಏರಿಳಿಯುವುದು ದೂರದಿಂದಲೇ ಕಾಣುತ್ತಿತ್ತು. ಆಮೇಲೆ ತಟ್ಟಿದೆ.